ಮಗನಿಗೆ ದೊಡ್ಡ ಬೋರಿನ ರಿವಾಲ್ವರ್: ಸಿಂಗಲ್ ಆ್ಯಕ್ಷನ್ನೋ, ಡಬಲ್ ಆ್ಯಕ್ಷನ್ನೋ?

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಮಗ ಅಮೆರಿಕದ ಮೊಂಟಾನಾದಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಕ್ಕರೆ ಸಾಕು, ಮೀನು ಹಿಡಿಯೋಕೆ, ಬೆಟ್ಟ ಹತ್ತೋಕೆ ಅಂತ ಕಾಡಿಗೆ ಹೊರಡುತ್ತಾನೆ. ಅಲ್ಲಿ ಗ್ರಿಜ್ಲಿ ಕರಡಿಗಳಿವೆ. ಅದಕ್ಕೆ .44 ಮ್ಯಾಗ್ನಮ್ ಅಥವಾ ಇನ್ನೂ ದೊಡ್ಡ ರಿವಾಲ್ವರ್ ತೆಗೆದುಕೊಳ್ಳುವ ಯೋಚನೆ ಮಾಡಿದ್ದಾನೆ. ಅಂಗಡಿಯವರು ಒಂದು ಸಿಂಗಲ್ ಆ್ಯಕ್ಷನ್, ಒಂದು ಡಬಲ್ ಆ್ಯಕ್ಷನ್ ತೋರಿಸಿದ್ದಾರಂತೆ. ‘ಪಪ್ಪ, ನೀವು ಚಿಕ್ಕಂದಿನಿಂದ ಕೋವಿ ಹಿಡಿದವರು, ನೀವೇ ಹೇಳಿ’ ಅಂತಾನೆ. ನಾನು ಹಿಡಿದದ್ದು ಹನ್ನೆರಡು ಬೋರಿನ ಜೋಡಿ ನಳಿಕೆ ಮಾತ್ರ. ಅಜ್ಜನ ಹತ್ತಿರ ಸೇನೆಯ ಕಾಲದ .455 ವೆಬ್ಲಿ ರಿವಾಲ್ವರ್ ಇತ್ತು, ಅದು ಡಬಲ್ ಆ್ಯಕ್ಷನ್. ಟ್ರಿಗರ್ ಎಷ್ಟು ಗಟ್ಟಿ ಅಂದರೆ ಅದರಲ್ಲಿ ತೆಂಗಿನಕಾಯಿಗೆ ಗುರಿ ಹಿಡಿಯೋಕೆ ಯಾರಿಗೂ ಆಗುತ್ತಿರಲಿಲ್ಲ. ಅದನ್ನು ಯಾವತ್ತೋ ಸರ್ಕಾರಕ್ಕೆ ಒಪ್ಪಿಸಿ ಆಯಿತು. ಆ ಅನುಭವದಿಂದ ಸಿಂಗಲ್ ಆ್ಯಕ್ಷನ್ನೇ ಒಳ್ಳೆಯದು ಅನ್ನಿಸುತ್ತದೆ. ಗಟ್ಟಿ, ಸೇಫ್, ಗುರಿಯೂ ಚೆನ್ನಾಗಿರುತ್ತದೆ ಅನ್ನುತ್ತಾರೆ. ಸರಿಯೇ? ಇನ್ನೊಂದು ಮಾತು. ನಮ್ಮ ತೋಟಕ್ಕೆ ಆನೆ ಕಾಟ ವಿಪರೀತ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ನನ್ನ ಸೊಂಟದಲ್ಲೂ ಅಂಥದ್ದೊಂದು ಇದ್ದರೆ ಧೈರ್ಯ ಅಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಮಗನದು ಒಂದು, ನಿಮ್ಮದು ಒಂದು. ಎರಡಕ್ಕೂ ಒಂದೇ ಉತ್ತರ ಇಲ್ಲ, ಹಾಗಾಗಿ ಬೇರೆ ಬೇರೆಯಾಗಿಯೇ ಬರೆಯುತ್ತೇನೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧಗಳ ರಿಪೇರಿ ನೋಡಿಕೊಳ್ಳುವವನು, ಆಗಿದ್ದೆ. ಆಮೇಲೆ ಕೆಲ ಕಾಲ ಅಮೆರಿಕದಲ್ಲಿ ಒಂದು ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಕಲಿಸುವ ಕೆಲಸ ಮಾಡಿದೆ. ಈಗ ಊರಲ್ಲಿ ಕೋವಿ ರಿಪೇರಿ ಮಾಡಿಕೊಂಡಿದ್ದೇನೆ. ದೊಡ್ಡ ಬೋರಿನ ರಿವಾಲ್ವರ್ ಕೈಯಲ್ಲಿ ಹಿಡಿದ ಜನ ಏನೇನು ಮಾಡುತ್ತಾರೆ ಅನ್ನುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮುಂದೆ ಹೇಳುವುದೆಲ್ಲ ಅದರ ಮೇಲೆಯೇ.

ಮೊದಲು ಅಜ್ಜನ ವೆಬ್ಲಿ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ತೀರ್ಮಾನ ನಿಂತಿರುವುದೇ ಅದರ ಮೇಲೆ. ವೆಬ್ಲಿ ಡಬಲ್ ಆ್ಯಕ್ಷನ್ ಹೌದು. ಆದರೆ ಡಬಲ್ ಆ್ಯಕ್ಷನ್ ಅಂದರೆ ಯಾವಾಗಲೂ ಆ ಗಟ್ಟಿ ಟ್ರಿಗರ್ ಎಳೆಯಲೇಬೇಕು ಅಂತ ಅಲ್ಲ. ಹೆಬ್ಬೆರಳಿನಿಂದ ಹ್ಯಾಮರನ್ನು (ತೋಟಾಕ್ಕೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆ) ಹಿಂದಕ್ಕೆ ಎಳೆದು ನಿಲ್ಲಿಸಿ ಆಮೇಲೆ ಟ್ರಿಗರ್ ಒತ್ತಿದ್ದರೆ, ಅದೇ ವೆಬ್ಲಿ ಹಗುರವಾಗಿ ಹೊಡೆಯುತ್ತಿತ್ತು. ಬಹುಶಃ ಯಾರೂ ಹಾಗೆ ಮಾಡಿ ತೋರಿಸಲಿಲ್ಲ. ಅದರ ಜೊತೆಗೆ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಆಯುಧದ ಒಳಗೆ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿನಂತೆ ಕೂತಿರುತ್ತದೆ. ನಮ್ಮ ಕೊಡಗಿನ ಮಳೆಗಾಲದ ತೇವ ಬೇರೆ. ಆ ಟ್ರಿಗರ್ ಅಷ್ಟು ಗಟ್ಟಿಯಾಗೋಕೆ ಅದೂ ಒಂದು ಕಾರಣ ಇದ್ದೀತು. ಆ ಒಂದು ಆಯುಧ ನೋಡಿ ಇಡೀ ಜಾತಿಯನ್ನೇ ತಳ್ಳಿಹಾಕಬೇಡಿ.

ಈಗ ಎರಡರ ವ್ಯತ್ಯಾಸ. ಸಿಂಗಲ್ ಆ್ಯಕ್ಷನ್‌ನಲ್ಲಿ ಟ್ರಿಗರ್‌ಗೆ ಇರುವುದು ಒಂದೇ ಕೆಲಸ, ಎಳೆದು ನಿಲ್ಲಿಸಿದ ಹ್ಯಾಮರನ್ನು ಬಿಡುವುದು. ಹ್ಯಾಮರನ್ನು ಪ್ರತಿ ಸಲವೂ ಹೆಬ್ಬೆರಳಿನಿಂದ ನೀವೇ ಎಳೆಯಬೇಕು, ಹಾಗೆ ಎಳೆದಾಗಲೇ ಸಿಲಿಂಡರ್ (ತೋಟಾ ತುಂಬುವ ದುಂಡನೆಯ ಭಾಗ) ತಿರುಗಿ ಮುಂದಿನ ತೋಟಾ ನಳಿಕೆಗೆ ಸರಿಯಾಗಿ ಬಂದು ನಿಲ್ಲುವುದು. 1873ರ ಕೋಲ್ಟ್ ಇದೇ ಬಗೆ. ಇವತ್ತಿನ ರೂಗರ್ ಬ್ಲ್ಯಾಕ್‌ಹಾಕ್, ಸೂಪರ್ ಬ್ಲ್ಯಾಕ್‌ಹಾಕ್, ಫ್ರೀಡಂ ಆರ್ಮ್ಸ್ ಎಲ್ಲ ಅದೇ ವಂಶ. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಿಸಿ, ಹ್ಯಾಮರ್ ಎತ್ತಿ, ಬಿಡುತ್ತದೆ. ಬೇಕಿದ್ದರೆ ಹೆಬ್ಬೆರಳಿನಿಂದಲೂ ಹ್ಯಾಮರ್ ಎಳೆದುಕೊಳ್ಳಬಹುದು. ಸ್ಮಿತ್ ಆ್ಯಂಡ್ ವೆಸನ್ 29 ಮತ್ತು 629, ರೂಗರ್ ರೆಡ್‌ಹಾಕ್, ಸೂಪರ್ ರೆಡ್‌ಹಾಕ್ ಈ ಸಾಲಿಗೆ ಸೇರಿದವು.

ಟ್ರಿಗರಿನ ಭಾರ ಹೇಳಬೇಕೆಂದರೆ, ಹ್ಯಾಮರ್ ಎಳೆದು ನಿಂತಾಗ ಎರಡರಲ್ಲೂ ಸುಮಾರು ಒಂದೂವರೆಯಿಂದ ಎರಡು ಕಿಲೋ. ಡಬಲ್ ಆ್ಯಕ್ಷನ್ ಪೂರ್ತಿ ಎಳೆತಕ್ಕೆ ನಾಲ್ಕೂವರೆಯಿಂದ ಐದೂವರೆ ಕಿಲೋ. ಅಂದರೆ ಸಾವಧಾನವಾಗಿ ಹೊಡೆಯುವಾಗ ಗುರಿಯ ವಿಷಯದಲ್ಲಿ ಎರಡಕ್ಕೂ ಹೆಚ್ಚು ಅಂತರ ಇಲ್ಲ. ಸಿಂಗಲ್ ಆ್ಯಕ್ಷನ್‌ನಲ್ಲೇ ಗುರಿ ಜಾಸ್ತಿ ಅನ್ನುವ ಮಾತಿಗೆ ಬುಡ ಇಲ್ಲ. ನಳಿಕೆ, ಚೇಂಬರುಗಳ (ಸಿಲಿಂಡರಿನಲ್ಲಿ ತೋಟಾ ಕೂರುವ ಗೂಡುಗಳು) ಅಳತೆ, ತೋಟಾದ ಗುಣ, ಹಿಡಿದವನ ಕೈ, ಇವು ಗುರಿಯನ್ನು ತೀರ್ಮಾನಿಸುತ್ತವೆ.

ಗಟ್ಟಿತನದ ಮಾತಿನಲ್ಲಿ ಅರ್ಧ ನಿಜ ಇದೆ. ಸಿಂಗಲ್ ಆ್ಯಕ್ಷನ್‌ನ ಸಿಲಿಂಡರ್ ಪಕ್ಕಕ್ಕೆ ತೆರೆಯುವುದಿಲ್ಲ. ಫ್ರೇಮಿನ ನಡುವೆ ಒಂದು ದಪ್ಪ ಕಡ್ಡಿಯ ಮೇಲೆ ಕೂತಿರುತ್ತದೆ, ಹಾಗಾಗಿ ಸಡಿಲವಾಗುವ ಜಾಗ ಕಡಿಮೆ. 65,000 ಪಿಎಸ್‌ಐ ಒತ್ತಡದ .454 ಕ್ಯಾಸುಲ್ ತೋಟಾಕ್ಕೆ 1983ರಲ್ಲಿ ಮೊದಲು ಬಂದ ಫ್ಯಾಕ್ಟರಿ ರಿವಾಲ್ವರ್ ಕೂಡ ಸಿಂಗಲ್ ಆ್ಯಕ್ಷನ್ನೇ, ಐದು ತೋಟಾದ್ದು. .44 ಮ್ಯಾಗ್ನಮ್‌ನ ಒತ್ತಡ ಸುಮಾರು 36,000, ಹೋಲಿಸಿಕೊಳ್ಳಿ. ಆದರೆ ಆಮೇಲೆ ಅದೇ .454ಗೆ ರೂಗರ್ ಕಂಪನಿ ಸೂಪರ್ ರೆಡ್‌ಹಾಕ್ ಮಾಡಿತು, ಅದು ಡಬಲ್ ಆ್ಯಕ್ಷನ್. 2003ರಲ್ಲಿ ಬಂದ .500 ಸ್ಮಿತ್ ಆ್ಯಂಡ್ ವೆಸನ್ ಕೂಡ ಡಬಲ್ ಆ್ಯಕ್ಷನ್. ಮತ್ತೊಂದು ಕಡೆ, ಹಳೆಯ ಕೋಲ್ಟ್ ಮಾದರಿಯ ಸಿಂಗಲ್ ಆ್ಯಕ್ಷನ್‌ಗಳ ಒಳಗೆ ತೆಳ್ಳಗಿನ ಪಟ್ಟಿ ಸ್ಪ್ರಿಂಗುಗಳಿರುತ್ತವೆ, ಮುರಿಯುವುದು ಅವೇ. ಹಾಗಾಗಿ ‘ಯಾವ ಆ್ಯಕ್ಷನ್ ಗಟ್ಟಿ’ ಅಂತ ಕೇಳಬೇಡಿ, ‘ಈ ಮಾಡೆಲ್ ಈ ತೋಟಾಕ್ಕೆ ಗಟ್ಟಿಯೇ’ ಅಂತ ಕೇಳಿ. .45 ಕೋಲ್ಟ್ ಇದಕ್ಕೆ ಒಳ್ಳೆ ಉದಾಹರಣೆ. ಅದರ ಭಾರಿ ಲೋಡಿನ ತೋಟಾಗಳು ಪೆಟ್ಟಿಗೆಯ ಮೇಲೆ ಹೆಸರಿಸಿದ ಬಲವಾದ ಮಾಡೆಲ್‌ಗಳಿಗೆ ಮಾತ್ರ. ಅದನ್ನೇ 1873ರ ಮಾದರಿಯ ಕೋಲ್ಟ್ ನಕಲಿಗೆ ತುಂಬಿದರೆ ಸಿಲಿಂಡರ್ ಸೀಳಿ ಕೈ ಹೋಗಬಹುದು. ತೋಟಾ ಒಳಗೆ ಹೋಯಿತು ಅಂದ ಮಾತ್ರಕ್ಕೆ ಹೊಡೆಯಬಹುದು ಅಂತಲ್ಲ.

ಇನ್ನು ‘ಸಿಂಗಲ್ ಆ್ಯಕ್ಷನ್ ಸೇಫ್’. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ಜನ ಕಾಲಿಗೆ ಗುಂಡು ಹೊಡೆದುಕೊಳ್ಳುವುದು. ಹಳೆಯ ಮಾದರಿಯಲ್ಲಿ ಹ್ಯಾಮರ್ ಕೆಳಗಿದ್ದಾಗ ಅದರ ಮೊನೆ ನೇರವಾಗಿ ತೋಟಾದ ಕ್ಯಾಪಿನ ಮೇಲೆ ಕೂತಿರುತ್ತದೆ. ಕಲ್ಲಿನ ಮೇಲೆ ಬಿದ್ದರೆ, ಹ್ಯಾಮರಿಗೆ ಪೆಟ್ಟು ಬಿದ್ದರೆ, ಗುಂಡು ಹಾರುತ್ತದೆ. ಅದಕ್ಕೇ ಆರು ಚೇಂಬರಿನಲ್ಲಿ ಐದನ್ನು ಮಾತ್ರ ತುಂಬಿ, ಖಾಲಿ ಚೇಂಬರಿನ ಮೇಲೆ ಹ್ಯಾಮರ್ ಇಳಿಸಿ ಇಟ್ಟುಕೊಳ್ಳುವ ಪದ್ಧತಿ ಬಂತು. ರೂಗರ್ 1973ರಲ್ಲಿ ಇದನ್ನು ಬದಲಾಯಿಸಿತು. ಒಳಗೆ ಒಂದು ಸಣ್ಣ ಉಕ್ಕಿನ ಪಟ್ಟಿ, ಟ್ರಾನ್ಸ್‌ಫರ್ ಬಾರ್ ಅನ್ನುತ್ತಾರೆ. ಹ್ಯಾಮರ್ ತಾನಾಗಿ ಫೈರಿಂಗ್ ಪಿನ್, ಅಂದರೆ ತೋಟಾದ ಕ್ಯಾಪಿಗೆ ಹೊಡೆಯುವ ಮೊಳೆ, ಮುಟ್ಟುವುದೇ ಇಲ್ಲ. ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ನಡುವೆ ನಿಂತು ಪೆಟ್ಟನ್ನು ದಾಟಿಸುತ್ತದೆ. 1973ಕ್ಕೆ ಮುಂಚಿನ ರೂಗರ್ ಸಿಕ್ಕಿದರೆ, ಕಂಪನಿಗೆ ಕಳಿಸಿದರೆ ಉಚಿತವಾಗಿ ಇದನ್ನು ಹಾಕಿಕೊಡುತ್ತಾರೆ. ಹಾಗಾಗಿ ನಿಮ್ಮ ಮಗ ಸೆಕೆಂಡ್ ಹ್ಯಾಂಡ್ ಸಿಂಗಲ್ ಆ್ಯಕ್ಷನ್ ನೋಡುತ್ತಿದ್ದರೆ ಮೊದಲ ಪ್ರಶ್ನೆ ಬೆಲೆ ಅಲ್ಲ, ಟ್ರಾನ್ಸ್‌ಫರ್ ಬಾರ್ ಇದೆಯೇ ಅನ್ನುವುದು.

ಅದು ಇದ್ದರೂ ಒಂದು ಅಪಾಯ ಉಳಿದೇ ಇರುತ್ತದೆ. ಕಾಡಿನಲ್ಲಿ ಪೊದೆ ಅಲುಗಾಡಿತು, ಹ್ಯಾಮರ್ ಎಳೆದಿರಿ, ನೋಡಿದರೆ ಜಿಂಕೆ. ಈಗ ಆ ಹ್ಯಾಮರನ್ನು ಇಳಿಸಬೇಕು. ಕೈ ನಡುಗುತ್ತಿದೆ, ಬೆರಳು ಬೆವರಿದೆ, ಕೆಳಗೆ ತುಂಬಿದ ತೋಟಾ ಇದೆ. ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದುಕೊಂಡೇ ಟ್ರಿಗರ್ ಒತ್ತಿ, ಹ್ಯಾಮರ್ ಒಂಚೂರು ಮುಂದಕ್ಕೆ ಬಂದ ತಕ್ಷಣ ಟ್ರಿಗರಿನಿಂದ ಬೆರಳು ಪೂರ್ತಿ ತೆಗೆದು, ಆಮೇಲೆ ನಿಧಾನವಾಗಿ ಇಳಿಸಬೇಕು. ಶಾಂತವಾಗಿದ್ದಾಗ ಸುಲಭ. ಹೆದರಿದಾಗ ಹೆಬ್ಬೆರಳು ಜಾರುತ್ತದೆ. ಸಿಂಗಲ್ ಆ್ಯಕ್ಷನ್‌ನಲ್ಲಿ ಹೊಡೆಯಲು ತಯಾರಾದ ಪ್ರತಿ ಸಲವೂ ಈ ಸನ್ನಿವೇಶ ಬರುತ್ತದೆ. ಡಬಲ್ ಆ್ಯಕ್ಷನ್‌ನಲ್ಲಿ ಹ್ಯಾಮರ್ ಎಳೆಯುವುದೇ ಬೇಡ, ಟ್ರಿಗರಿನಿಂದ ಬೆರಳು ಹೊರಗಿಟ್ಟು ಕಾಯಬಹುದು. ಆ ಉದ್ದನೆಯ ಗಟ್ಟಿ ಎಳೆತವೇ ಅಲ್ಲಿ ರಕ್ಷಣೆ. ನಿಮ್ಮ ಅಜ್ಜನ ವೆಬ್ಲಿಯಲ್ಲಿ ನಿಮಗೆ ದೋಷವಾಗಿ ಕಂಡದ್ದು ಹೆದರಿದ ಕೈಗೆ ಗುಣ.

ಹಾಗಂತ ಡಬಲ್ ಆ್ಯಕ್ಷನ್‌ಗೆ ತನ್ನದೇ ಅಪಾಯ ಇಲ್ಲ ಅಂತಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ದಯವಿಟ್ಟು ಮಗನಿಗೆ ಓದಿ ಹೇಳಿ. .460, .500ನಂಥ ತೀರಾ ದೊಡ್ಡ ಬೋರಿನಲ್ಲಿ, ಹಿಡಿತ ಸಡಿಲ ಇದ್ದವರು ಒಂದು ಗುಂಡು ಹೊಡೆಯುತ್ತಾರೆ. ನಳಿಕೆ ಮೇಲಕ್ಕೆ ಎಗರುತ್ತದೆ. ರಿವಾಲ್ವರ್ ಕೈಯಿಂದ ಜಾರುತ್ತಿದೆ ಅನ್ನಿಸಿ ಬೆರಳುಗಳೆಲ್ಲ ತಾವಾಗಿ ಬಿಗಿಯುತ್ತವೆ. ಅವುಗಳಲ್ಲಿ ಟ್ರಿಗರ್ ಬೆರಳೂ ಒಂದು. ಎರಡನೇ ಗುಂಡು ಹಾರಿಬಿಡುತ್ತದೆ, ಆಗ ನಳಿಕೆ ಆಕಾಶಕ್ಕೋ, ಹೊಡೆದವರ ಹಣೆಗೋ ತಿರುಗಿರುತ್ತದೆ. ಇದರಿಂದ ಜೀವ ಹೋದದ್ದೂ ಇದೆ. ನಾನು ಕಲಿಸುವಾಗ ಹೊಸಬರು ಯಾರೇ ಬರಲಿ, ಎಷ್ಟೇ ಗಟ್ಟಿಮುಟ್ಟಾಗಿರಲಿ, ಮೊದಲು ಒಂದೇ ಒಂದು ತೋಟಾ ತುಂಬಿ ಕೊಡುತ್ತಿದ್ದೆ. ಒಮ್ಮೆ ಒಬ್ಬ ದಪ್ಪ ತೋಳಿನ ಹುಡುಗ ‘ಪೂರ್ತಿ ತುಂಬಿ ಕೊಡಿ’ ಅಂತ ಹಠ ಮಾಡಿದ. ಕೊಡಲಿಲ್ಲ. ಮೊದಲ ಗುಂಡು ಹೊಡೆದದ್ದೇ ತಡ, ಹ್ಯಾಮರ್ ಇನ್ನೊಮ್ಮೆ ಖಾಲಿ ಚೇಂಬರಿನ ಮೇಲೆ ‘ಟಕ್’ ಅಂತ ಬಿದ್ದ ಸದ್ದು ನನಗೂ ಕೇಳಿತು, ಅವನಿಗೂ ಕೇಳಿತು. ಅವನ ಮುಖ ಬಿಳಿಚಿಕೊಂಡಿತು. ಟ್ರಿಗರ್ ಎರಡನೇ ಸಲ ಎಳೆದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಸಿಂಗಲ್ ಆ್ಯಕ್ಷನ್‌ನಲ್ಲಿ ಹೀಗೆ ಆಗುವುದಿಲ್ಲ, ಹೆಬ್ಬೆರಳು ಎಳೆಯದೆ ಎರಡನೇ ಗುಂಡೇ ಇಲ್ಲ. ಅದರ ನಿಜವಾದ ಹೆಚ್ಚುಗಾರಿಕೆ ಇದು.

ಒದೆತದ ವಿಷಯಕ್ಕೆ ಬರೋಣ. ನಿಮ್ಮ ಹನ್ನೆರಡು ಬೋರಿನ ಕೋವಿ ಮೂರು ಕಿಲೋ ಮೇಲೆ ತೂಗುತ್ತದೆ, ಭುಜಕ್ಕೆ ಒದೆಯುತ್ತದೆ. .44 ಮ್ಯಾಗ್ನಮ್ ರಿವಾಲ್ವರ್ ಒಂದೂಕಾಲು ಕಿಲೋ ಆಸುಪಾಸು, ಒದೆತ ಪೂರ್ತಿ ಎರಡು ಮಣಿಕಟ್ಟಿಗೆ. ಸಿಂಗಲ್ ಆ್ಯಕ್ಷನ್‌ನ ಹಿಡಿ ಬಾಗಿದ ನೇಗಿಲ ಮೇಣಿಯ ಹಾಗೆ ಇರುತ್ತದೆ. ಒದ್ದಾಗ ಅದು ಅಂಗೈಯೊಳಗೆ ಉರುಳಿ ನಳಿಕೆ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಕೆಲವರಿಗೆ ಪೆಟ್ಟು ಕಡಿಮೆ ಅನ್ನಿಸುತ್ತದೆ. ಆದರೆ ಪ್ರತಿ ಗುಂಡಿನ ನಂತರ ಹಿಡಿತ ಸರಿಮಾಡಿಕೊಳ್ಳಬೇಕು. ಸೂಪರ್ ಬ್ಲ್ಯಾಕ್‌ಹಾಕ್‌ನ ಚೌಕ ಟ್ರಿಗರ್ ಗಾರ್ಡ್ ಹಿಂದಕ್ಕೆ ಬಂದು ನಡುಬೆರಳಿನ ಗೆಣ್ಣಿಗೆ ಹೊಡೆಯುವುದು ಅದನ್ನು ಬಳಸಿದವರಿಗೆಲ್ಲ ಗೊತ್ತು. ಬಿಸ್ಲೆ ಅನ್ನುವ ಇನ್ನೊಂದು ಹಿಡಿ ಇದೆ, ಸ್ವಲ್ಪ ನೇರ, ಉದ್ದ. ಭಾರಿ ತೋಟಾಕ್ಕೆ ಅದೇ ವಾಸಿ. ಡಬಲ್ ಆ್ಯಕ್ಷನ್‌ನ ಹಿಡಿಗೆ ಹಿಂದೆ ಮೇಲ್ಗಡೆ ಒಂದು ಗೂನು ಇರುತ್ತದೆ. ಅದು ಕೈ ಜಾರದಂತೆ ತಡೆಯುತ್ತದೆ, ಆದರೆ ಒದೆತ ನೇರವಾಗಿ ಹೆಬ್ಬೆರಳಿನ ಬುಡಕ್ಕೆ ಬರುತ್ತದೆ. ದಪ್ಪ ರಬ್ಬರ್ ಹಿಡಿ ಹಾಕಿದರೆ ತಡೆದುಕೊಳ್ಳಬಹುದು. ಕೈ ಚಿಕ್ಕದಿದ್ದರೆ ದೊಡ್ಡ ಫ್ರೇಮಿನ ಡಬಲ್ ಆ್ಯಕ್ಷನ್ ಟ್ರಿಗರಿಗೆ ಬೆರಳಿನ ತುದಿ ಮಾತ್ರ ಮುಟ್ಟುತ್ತದೆ, ಆಗ ಎಳೆಯುವಾಗ ಗುರಿ ಪಕ್ಕಕ್ಕೆ ಹೋಗುತ್ತದೆ. ಇದನ್ನು ಫೋನಿನಲ್ಲಿ ಹೇಳೋಕೆ ಆಗಲ್ಲ, ನಿಮ್ಮ ಮಗ ಅಂಗಡಿಯಲ್ಲೇ ಹಿಡಿದು ನೋಡಬೇಕು.

ಎರಡಕ್ಕೂ ಸೇರಿದ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಸಿಲಿಂಡರಿಗೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಗುಂಡು ಹಾರುವಾಗ ಅಲ್ಲಿಂದ ಬಿಸಿ ಅನಿಲ ಚಾಕುವಿನಂತೆ ಬರುತ್ತದೆ. ಕೋವಿ ಅಭ್ಯಾಸ ಇದ್ದವರು ಎಡಗೈಯನ್ನು ಮುಂದೆ ನಳಿಕೆಯ ಕೆಳಗೆ ಕೊಡುತ್ತಾರೆ, ನಮ್ಮ ಕಡೆಯವರಿಗೆ ಇದು ರಕ್ತದಲ್ಲೇ ಬಂದಿರುತ್ತದೆ. ರಿವಾಲ್ವರಿನಲ್ಲಿ ಹಾಗೆ ಮಾಡಿದರೆ ಬೆರಳು ಕೊಯ್ದು ಹೋಗುತ್ತದೆ. ಎರಡು, ಭಾರಿ ಒದೆತಕ್ಕೆ ಇನ್ನೂ ಹೊಡೆಯದ ತೋಟಾಗಳ ಗುಂಡು ತನ್ನ ಕೇಸಿನಿಂದ ಮುಂದಕ್ಕೆ ಜರುಗಿ ಸಿಲಿಂಡರಿನಿಂದ ಹೊರಗೆ ಮೂತಿ ಹಾಕಬಹುದು. ಆಗ ಸಿಲಿಂಡರ್ ತಿರುಗುವುದಿಲ್ಲ, ಯಾವ ಆ್ಯಕ್ಷನ್ ಇದ್ದರೂ ಆಟ ಮುಗಿಯಿತು. ಹಗುರ ರಿವಾಲ್ವರಿನಲ್ಲಿ ಇದು ಜಾಸ್ತಿ. ಯಾವ ತೋಟಾ ಕಾಡಿಗೆ ಒಯ್ಯುತ್ತಾನೋ ಅದರಲ್ಲೇ ಐದು ಹೊಡೆದು, ಆರನೆಯದನ್ನು ತೆಗೆದು ಉದ್ದ ಅಳೆದು ನೋಡಲಿ. ಜರುಗಿದ್ದರೆ ಆ ತೋಟಾ ಬೇಡ.

ತುಂಬುವುದರಲ್ಲಿ ವ್ಯತ್ಯಾಸ ದೊಡ್ಡದು. ಸಿಂಗಲ್ ಆ್ಯಕ್ಷನ್‌ನ ಬಲಗಡೆ ಒಂದು ಸಣ್ಣ ಬಾಗಿಲು. ಅದನ್ನು ತೆರೆದು, ಒಂದೊಂದೇ ಖಾಲಿ ಕೇಸನ್ನು ಕಡ್ಡಿಯಿಂದ ತಳ್ಳಿ, ಒಂದೊಂದೇ ತೋಟಾ ತುಂಬಬೇಕು. ಡಬಲ್ ಆ್ಯಕ್ಷನ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಬರುತ್ತದೆ, ಒಮ್ಮೆ ತಳ್ಳಿದರೆ ಎಲ್ಲ ಖಾಲಿ. ಕರಡಿಯ ಮುಂದೆ ಯಾರೂ ಮತ್ತೆ ತುಂಬುವುದಿಲ್ಲ, ಅದು ನಿಜ. ಆದರೆ ಸಂಜೆ ಟೆಂಟಿಗೆ ಬಂದು ಖಾಲಿ ಮಾಡುವಾಗ, ಕಾರಿಗೆ ಹತ್ತುವ ಮುಂಚೆ ಖಾಲಿ ಮಾಡುವಾಗ, ಎಲ್ಲ ಚೇಂಬರ್ ಒಂದೇ ನೋಟಕ್ಕೆ ಕಾಣುವುದು ದೊಡ್ಡ ಅನುಕೂಲ.

ಈಗ ಕರಡಿಯ ಲೆಕ್ಕ. ಗ್ರಿಜ್ಲಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದೂರದಿಂದ ನುಗ್ಗಿದರೆ ಎರಡು ಸೆಕೆಂಡು. ಅಷ್ಟರಲ್ಲಿ ರಿವಾಲ್ವರ್ ಹೊರಗೆ ಬರಬೇಕು, ಗುಂಡು ಸರಿಯಾದ ಜಾಗಕ್ಕೆ ಬೀಳಬೇಕು. ಪಳಗಿದ ಕೈ ಇದ್ದರೆ, ಒದೆತದಿಂದ ನಳಿಕೆ ಕೆಳಗೆ ಬರುವ ಹೊತ್ತಿಗೆ ಎಡಗೈ ಹೆಬ್ಬೆರಳು ಹ್ಯಾಮರ್ ಎಳೆದಿರುತ್ತದೆ, ಹಾಗಾಗಿ ಸಿಂಗಲ್ ಆ್ಯಕ್ಷನ್ ಜನ ಅಂದುಕೊಂಡಷ್ಟು ನಿಧಾನ ಅಲ್ಲ. ಆದರೆ ಒಂದು ಕೈ ಕರಡಿಯ ಬಾಯಲ್ಲಿದ್ದರೆ? ಬಿದ್ದು ಬೆನ್ನ ಮೇಲೆ ಮಲಗಿದ್ದರೆ? ಉಳಿದ ಒಂದೇ ಕೈಯಲ್ಲಿ, ಚಳಿಗೆ ಮರಗಟ್ಟಿದ ಹೆಬ್ಬೆರಳಿನಲ್ಲಿ, ಕೈಗವಸು ಹಾಕಿಕೊಂಡು ಹ್ಯಾಮರ್ ಎಳೆಯುವುದು ಬಹಳ ಕಷ್ಟ. ಟ್ರಿಗರ್ ಮಾತ್ರ ಎಳೆಯುವುದು ಆಗುತ್ತದೆ. ಕಾಡಿನ ರಕ್ಷಣೆಗೆ ನಾನು ಡಬಲ್ ಆ್ಯಕ್ಷನ್ ಕಡೆ ವಾಲುವುದು ಇದೊಂದೇ ಕಾರಣಕ್ಕೆ, ಮತ್ತು ಇದು ಸಾಕಷ್ಟು ದೊಡ್ಡ ಕಾರಣ.

ಹಾಗಾಗಿ ನಿಮ್ಮ ಮಗನಿಗೆ ನನ್ನ ಸಲಹೆ ಇದು. .44 ಮ್ಯಾಗ್ನಮ್, ಡಬಲ್ ಆ್ಯಕ್ಷನ್, ಸ್ಟೇನ್‌ಲೆಸ್, ನಾಲ್ಕರಿಂದ ಐದೂವರೆ ಇಂಚು ನಳಿಕೆ. ಮೊದಲ ತಿಂಗಳುಗಳು .44 ಸ್ಪೆಷಲ್ ತೋಟಾದಲ್ಲಿ ಕಲಿಯಲಿ. ಅದೇ ರಿವಾಲ್ವರಿಗೆ ಕೂರುತ್ತದೆ, ಒದೆತ ಕಡಿಮೆ. ಹ್ಯಾಮರ್ ಎಳೆದುಕೊಂಡು ಹೊಡೆಯುವ ಅಭ್ಯಾಸವನ್ನು ಬದಿಗಿಡಲಿ, ಬಹುಪಾಲು ಗುಂಡುಗಳನ್ನು ಡಬಲ್ ಆ್ಯಕ್ಷನ್‌ನಲ್ಲೇ ಹೊಡೆಯಲಿ. ಸ್ನೇಹಿತನಿಗೆ ಹೇಳಿ ಸಿಲಿಂಡರಿನಲ್ಲಿ ನಡುನಡುವೆ ಡಮ್ಮಿ ತೋಟಾ ತುಂಬಿಸಿಕೊಳ್ಳಲಿ, ಯಾವುದು ಎಲ್ಲಿದೆ ಗೊತ್ತಿರಬಾರದು. ಡಮ್ಮಿ ಬಂದಾಗ ನಳಿಕೆ ತಾನಾಗಿ ಕೆಳಗೆ ಬಗ್ಗಿತು ಅಂದರೆ, ಒದೆತಕ್ಕೆ ಹೆದರಿ ಮುಂಚೆಯೇ ಕೈ ಒತ್ತುತ್ತಿದ್ದಾನೆ ಅಂತ. ಅದು ನಿಲ್ಲುವವರೆಗೆ ಮ್ಯಾಗ್ನಮ್ ತೋಟಾಕ್ಕೆ ಹೋಗಬಾರದು. ಕಿವಿಗೆ ಒಳಗೊಂದು ಹೊರಗೊಂದು, ಎರಡು ರಕ್ಷಣೆ ಇರಲಿ. ಈ ಸದ್ದಿಗೆ ಹೋದ ಕಿವಿ ವಾಪಸ್ ಬರುವುದಿಲ್ಲ.

ಸಿಂಗಲ್ ಆ್ಯಕ್ಷನ್ ಯಾರಿಗೆ? ನಿಧಾನವಾಗಿ ಗುರಿ ಹಿಡಿದು ಬೇಟೆ ಆಡುವವರಿಗೆ, ರೇಂಜಿನಲ್ಲಿ ಸಂತೋಷಕ್ಕೆ ಹೊಡೆಯುವವರಿಗೆ, .454ನಂಥ ಒದೆತವನ್ನು ಬಿಸ್ಲೆ ಹಿಡಿಯಲ್ಲಿ ತಡೆದುಕೊಳ್ಳುವವರಿಗೆ, ಮತ್ತು ಚಿಕ್ಕಂದಿನಿಂದ ಅದರಲ್ಲೇ ಪಳಗಿದವರಿಗೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಅದು ಚೆಂದದ ಆಯುಧ, ಅದರ ಮೇಲೆ ನನಗೆ ಪ್ರೀತಿ ಇದೆ. ಹೊಸಬನ ಮೊದಲ ರಿವಾಲ್ವರ್ ಆಗಿ, ಅದೂ ಜೀವ ಉಳಿಸೋಕೆ ಅಂತ, ಹೇಳಲಾರೆ.

.500? ಬೇಡ. ಉದ್ದ ನಳಿಕೆಯದು ಎರಡು ಕಿಲೋ ತೂಗುತ್ತದೆ. ಎರಡನೇ ದಿನದ ನಡಿಗೆಗೇ ಅದು ಬ್ಯಾಗಿನ ತಳಕ್ಕೆ ಹೋಗುತ್ತದೆ, ಬ್ಯಾಗಿನ ತಳದಲ್ಲಿರುವ ಆಯುಧ ಇದ್ದೂ ಇಲ್ಲದ ಹಾಗೆ. ತಪ್ಪಿದ .500ಗಿಂತ ತಗುಲಿದ .357 ಮೇಲು. .44 ಮಗನಿಗೆ ಜಾಸ್ತಿ ಅನ್ನಿಸಿದರೆ ನಾಚಿಕೆ ಪಡದೆ ಭಾರವಾದ ಗಟ್ಟಿ ಗುಂಡಿನ .357 ಮ್ಯಾಗ್ನಮ್‌ಗೆ ಇಳಿಯಲಿ. ಇಟ್ಟುಕೊಳ್ಳುವುದು ಎದೆಯ ಮೇಲಿನ ಹೋಲ್ಸ್ಟರಿನಲ್ಲಿ. ಮೀನು ಹಿಡಿಯುವವರು ನೀರಿಗೆ ಇಳಿಯುತ್ತಾರೆ, ಬ್ಯಾಗಿನ ಪಟ್ಟಿಗಳು ಸೊಂಟಕ್ಕೆ ಬರುತ್ತವೆ, ಎದೆ ಮಾತ್ರ ಖಾಲಿ ಇರುತ್ತದೆ.

ರಿವಾಲ್ವರ್ ಕೊಳ್ಳುವ ಮುಂಚೆ ಕರಡಿ ಸ್ಪ್ರೇ ಕೊಳ್ಳಲಿ. ಅದು ಖಾರದ ಪುಡಿಯ ಸತ್ವ, ಏಳೆಂಟು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುತ್ತದೆ, ನಿಖರ ಗುರಿ ಬೇಕಿಲ್ಲ. ಅಲಾಸ್ಕಾದ ಘಟನೆಗಳನ್ನು ಒಟ್ಟುಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಪ್ರೇ ಬಳಸಿದ ಸಂದರ್ಭಗಳಲ್ಲಿ ಕಂದು ಕರಡಿ (ಗ್ರಿಜ್ಲಿ ಅದೇ ಜಾತಿ) ತನ್ನ ಆಟ ನಿಲ್ಲಿಸಿದ್ದು ಶೇಕಡಾ 92ರಲ್ಲಿ. ಎದುರುಗಾಳಿ, ಜೋರು ಮಳೆ ಇದ್ದಾಗ ಅದರ ಬಲ ಕುಗ್ಗುತ್ತದೆ, ವಿಮಾನದಲ್ಲಿ ಒಯ್ಯುವಂತಿಲ್ಲ. ಆದರೂ ಮೊದಲು ಕೈ ಹೋಗಬೇಕಾದದ್ದು ಅದಕ್ಕೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಮಗ ಯಾವ ವೀಸಾದಲ್ಲಿದ್ದಾನೆ ಅಂತ ಬರೆದಿಲ್ಲ. ಎಚ್ 1 ಬಿ, ವಿದ್ಯಾರ್ಥಿ ವೀಸಾಗಳಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿರುವುದು ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಅಂಗಡಿಯವನು ಫಾರಂ ಕೊಡುತ್ತಾನೆ, ಅದರಲ್ಲಿ ಇದೇ ಪ್ರಶ್ನೆ ಇರುತ್ತದೆ. ಸುಮ್ನೆ ಟಿಕ್ ಹಾಕಿಬಿಟ್ಟರೆ ಅಪರಾಧ, ಕೆಲಸವೂ ವೀಸಾವೂ ಎರಡೂ ಹೋಗುತ್ತವೆ. ಸ್ನೇಹಿತನ ಹೆಸರಿನಲ್ಲಿ ಕೊಂಡು ಇಟ್ಟುಕೊಳ್ಳುವುದು ಇನ್ನೂ ದೊಡ್ಡ ಅಪರಾಧ. ಮೊದಲು ವಕೀಲರ ಹತ್ತಿರ ಒಂದು ಮಾತು ಕೇಳಲಿ, ಆಮೇಲೆ ಅಂಗಡಿಗೆ ಹೋಗಲಿ.

ಈಗ ನಿಮ್ಮ ಸೊಂಟದ ವಿಷಯ. ನೇರವಾಗಿ ಹೇಳುತ್ತೇನೆ, ಆನೆಗೆ ರಿವಾಲ್ವರ್ ಉತ್ತರ ಅಲ್ಲ, ಸಿಂಗಲ್ಲೂ ಅಲ್ಲ, ಡಬಲ್ಲೂ ಅಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ದೊಡ್ಡ ಪ್ರಾಣಿಗೆ ಕನಿಷ್ಠ ಅಂತ ಇಟ್ಟಿರುವುದು .375 ರೈಫಲನ್ನು. ಅದರ ಶಕ್ತಿ .44 ಮ್ಯಾಗ್ನಮ್‌ನ ನಾಲ್ಕು ಪಟ್ಟು ಆಸುಪಾಸು. ಆನೆಯ ತಲೆಬುರುಡೆ ಜೇನುಗೂಡಿನಂಥ ಮೂಳೆ, ಮೆದುಳು ಎಲ್ಲೋ ಒಳಗೆ. ರಿವಾಲ್ವರಿನಲ್ಲಿ ಹೊಡೆದರೆ ಗಾಯಗೊಂಡ, ಸಿಟ್ಟಿಗೆದ್ದ ಆನೆ ನಿಮ್ಮ ಎದುರು ನಿಂತಿರುತ್ತದೆ. ನೀವು ಉಳಿದರೂ, ಮರುದಿನ ಅದೇ ದಾರಿಯಲ್ಲಿ ಬರುವ ಲೈನ್‌ಮನೆಯ ಹೆಂಗಸು ಅದಕ್ಕೆ ಸಿಗುತ್ತಾಳೆ. ಆನೆ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಜೀವ ಉಳಿಸಿಕೊಳ್ಳೋಕೆ ಪ್ರಾಮಾಣಿಕವಾಗಿ ಮಾಡಿದ್ದಕ್ಕೆ ಕಾನೂನಿನಲ್ಲಿ ರಕ್ಷಣೆ ಇದೆ, ಆದರೆ ಅದನ್ನು ಸಾಬೀತು ಮಾಡುವ ಓಡಾಟ ನಿಮ್ಮ ತಲೆಗೇ ಬರುತ್ತದೆ.

ಇನ್ನು, ಅಂಥ ರಿವಾಲ್ವರ್ ಇಲ್ಲಿ ಸಿಗುವುದೂ ಇಲ್ಲ. ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ .380, .455, ಸೇನೆಯ 9 ಎಂಎಂ, .45 ತೋಟಾ ಹೊಡೆಯಬಲ್ಲ ಪಿಸ್ತೂಲು, ರಿವಾಲ್ವರುಗಳು ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಬೋರಿನ ಸಾಲಿಗೆ ಸೇರಿವೆ. ಖಾಸಗಿಯವರು ಹೊರಗಿಂದ ತರಿಸುವುದು 1980ರ ದಶಕದಲ್ಲೇ ಹೆಚ್ಚುಕಡಿಮೆ ನಿಂತಿತು. ಹೊಸದಾಗಿ ಸುಲಭವಾಗಿ ಸಿಗುವುದು .32. ಕಾನ್ಪುರದ ನಿರ್ಭೀಕ್ 2014ರಲ್ಲಿ ಬಂತು, ಪ್ರಬಲ್ 2023ರಲ್ಲಿ. .32 ಮನುಷ್ಯನ ವಿರುದ್ಧ ಆತ್ಮರಕ್ಷಣೆಗೆ ಮಾಡಿದ್ದು, ಕಾಡುಹಂದಿಗೂ ಸಾಲದು. ಮಗ ರಜೆಗೆ ಬರುವಾಗ ಒಂದು ತಂದುಬಿಡಲಿ ಅಂತ ಯೋಚನೆ ಇದ್ದರೆ ಅದನ್ನು ಇವತ್ತೇ ಬಿಡಿ. ಏರ್‌ಪೋರ್ಟಿನಲ್ಲೇ ಅವನನ್ನು ಹಿಡಿಯುತ್ತಾರೆ.

ನಮ್ಮವರು ಅನೇಕರು ‘ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ’ ಅನ್ನುತ್ತಾರೆ. ಇದೆ. 1861ರಿಂದ ಬಂದದ್ದು, ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜನ ನಾವು, ಆ ಹಕ್ಕಿನ ಬೆಲೆ ಗೊತ್ತು. ಅದಕ್ಕೇ ಹೇಳುತ್ತೇನೆ, ಅದು ಲೈಸೆನ್ಸಿನಿಂದ ಕೊಟ್ಟ ವಿನಾಯಿತಿ, ಪ್ರೊಹಿಬಿಟೆಡ್ ಬೋರ್ ಇಟ್ಟುಕೊಳ್ಳೋಕೆ ಕೊಟ್ಟ ಅನುಮತಿ ಅಲ್ಲ. ನಿಮ್ಮ ವಿನಾಯಿತಿ ಪತ್ರದಲ್ಲಿ ಏನು ಬರೆದಿದೆ ಅಂತ ಒಮ್ಮೆ ಓದಿ, ಸಂಶಯ ಇದ್ದರೆ ಡಿಸಿ ಕಚೇರಿಯಲ್ಲಿ ಕೇಳಿ.

ತೋಟದಲ್ಲಿ ನಿಮ್ಮ ಜೀವ ಉಳಿಸುವುದು ಹೊತ್ತು ಮತ್ತು ಕಣ್ಣು. ರೊಬಸ್ಟಾ ಗಿಡ ಆಳೆತ್ತರಕ್ಕಿಂತ ಮೇಲೆ ಬೆಳೆದಿರುತ್ತದೆ, ಹತ್ತು ಹೆಜ್ಜೆ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಪೂರ್ತಿ ಬೆಳಕಾಗುವ ಮುಂಚೆ ಒಳಗೆ ಹೋಗಬೇಡಿ. ಹಸಿ ಲದ್ದಿ, ಮುರಿದ ಬಾಳೆ, ಆನೆಯ ವಾಸನೆ, ಯಾವುದು ಕಂಡರೂ ಅಲ್ಲಿಂದಲೇ ವಾಪಸ್. ನಾಯಿ ಕರೆದುಕೊಂಡು ಹೋಗಬೇಡಿ, ಅದು ಬೊಗಳಿ ಆನೆಯನ್ನು ಕೆಣಕಿ, ಹೆದರಿ ನಿಮ್ಮ ಕಾಲಿನ ಹತ್ತಿರವೇ ಓಡಿ ಬರುತ್ತದೆ, ಆನೆ ಹಿಂದೆಯೇ. ಹಲಸು ಹಣ್ಣಾಗುವ ಮುಂಚೆ, ಮನೆ ಮತ್ತು ಲೈನಿನ ಹತ್ತಿರದ ಮರಗಳಿಂದ ಕಾಯಿ ಇಳಿಸಿಬಿಡಿ. ಸೋಲಾರ್ ಬೇಲಿಗೆ ತಾಗುವ ಹುಲ್ಲು, ಬಳ್ಳಿ ವಾರಕ್ಕೊಮ್ಮೆ ಸವರಿಸಿ, ಮಳೆಗಾಲದಲ್ಲಿ ಬೇಲಿ ಕೆಲಸ ಮಾಡದೇ ಹೋಗುವುದು ಹೆಚ್ಚಾಗಿ ಅದರಿಂದಲೇ. ಅರಣ್ಯ ಇಲಾಖೆಯ ಆನೆ ತಂಡದವರ ನಂಬರ್ ನಿಮ್ಮ ರೈಟರ ಫೋನಿನಲ್ಲೂ ಇರಲಿ. ಹಿಂಡು ಒಳಗಿದೆ ಅಂತ ಗೊತ್ತಾದ ದಿನ ಕೆಲಸದವರನ್ನು ಆ ಬ್ಲಾಕಿಗೆ ಕಳಿಸಬೇಡಿ, ಒಂದು ದಿನದ ಕೂಲಿ ಹೋದರೆ ಹೋಗಲಿ.

ಮಗನ ವೀಸಾ ಯಾವುದು, ಅವನ ಕೈ ಎಷ್ಟು ದೊಡ್ಡದು, ಮಣಿಕಟ್ಟಿಗೆ ಹಳೆಯ ಪೆಟ್ಟೇನಾದರೂ ಇದೆಯೇ ಅನ್ನುವುದನ್ನು ಬರೆದು ಕಳಿಸಿ. ಅಂಗಡಿಯವರು ತೋರಿಸಿದ ಎರಡು ಮಾಡೆಲಿನ ಹೆಸರೂ ಇರಲಿ, ಹಿಡಿ ಯಾವುದು ಹಾಕಿಸಬೇಕು, ಯಾವ ತೋಟಾದಿಂದ ಶುರು ಮಾಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.